ಕೂಸಿನ ಕಾಸು, ಖಜಾನೆಯ ಬಾಕಿ

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ಜಗಳದ ನಡುವೆ ಸರ್ಕಾರವೂ ಬಂದು ಮಣೆ ಹಾಕಿಕೊಂಡು ಕುಳಿತರೆ ಕೂಸಿನ ಗತಿ ಏನಾದೀತೆಂಬುದನ್ನು ಹೇಳುವ ಗಾದೆ ಇನ್ನೂ ಹುಟ್ಟಿಲ್ಲ. ಹುಟ್ಟುವುದಾದರೆ ಅದು ಅಮೆರಿಕದಲ್ಲಿ ಹುಟ್ಟಬೇಕು. ಅಲ್ಲಿ ತಂದೆ ತನ್ನ ಮಗುವಿಗೆಂದು ಕೊಟ್ಟ ಹಣ ಮಗುವಿನ ಮನೆಗೆ ಹೋಗದೆ, ಎಷ್ಟೋ ವರ್ಷಗಳ ಹಿಂದೆ ಆ ಮಗುವಿನ ತಾಯಿ ಪಡೆದಿದ್ದ ಸರ್ಕಾರಿ ನೆರವಿನ ಲೆಕ್ಕಕ್ಕೆ ಜಮೆಯಾಗಿಬಿಡುವುದುಂಟು. ತಂದೆ ‘ಕೊಟ್ಟೆ’ ಎನ್ನುತ್ತಾನೆ. ತಾಯಿ ‘ಬರಲಿಲ್ಲ’ ಎನ್ನುತ್ತಾಳೆ. ಇಬ್ಬರೂ ಹೇಳುತ್ತಿರುವುದು ನಿಜವೇ.

ತಂದೆತಾಯಿ ಬೇರೆಯಾದಾಗ, ಮಗು ಯಾರ ಬಳಿ ಬೆಳೆಯುತ್ತದೆಯೋ ಅವರಿಗೆ ಇನ್ನೊಬ್ಬರು ತಿಂಗಳು ತಿಂಗಳೂ ಇಷ್ಟು ಹಣ ಕೊಡತಕ್ಕದ್ದೆಂದು ನ್ಯಾಯಾಲಯ ವಿಧಿಸುವ ಪದ್ಧತಿ ಹಲವು ದೇಶಗಳಲ್ಲಿ ಉಂಟು. ಭಾರತದಲ್ಲಿ ಇದಕ್ಕೆ ಜೀವನಾಂಶವೆಂದು ಹೆಸರು. ೧೮೯೮ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ೪೮೮ನೆಯ ಕಲಮು, ೧೯೭೩ರದರಲ್ಲಿ ೧೨೫ನೆಯದು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೪೪ನೆಯದು. ಅಂಕಿ ಬದಲಾದರೂ ತಿರುಳು ಒಂದೇ. ಕೊಡತಕ್ಕವನು ಕೊಡಬೇಕು, ಪಡೆಯತಕ್ಕವರು ಪಡೆಯಬೇಕು. ಕೊಡತಕ್ಕವನು ಎಷ್ಟೋ ವೇಳೆ ಕೊಡುವುದಿಲ್ಲವೆಂಬುದು ಬೇರೆಯ ದುಃಖ. ಆದರೆ ಕೊಟ್ಟ ಹಣದಲ್ಲಿ ಸರ್ಕಾರ ತನ್ನ ಹಳೆಯ ಬಾಕಿಯನ್ನು ಮುರಿದುಕೊಳ್ಳುವ ಏರ್ಪಾಡು ಆ ಕಲಮುಗಳಲ್ಲಿ ಇಲ್ಲ. ಅಮೆರಿಕದ ವ್ಯವಸ್ಥೆ ಭಾರತೀಯ ವಾಚಕರಿಗೆ ಸೋಜಿಗವೆನಿಸುವುದು ಇಲ್ಲಿಯೇ.

ಅದು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಆ ದೇಶದ ಯಾವುದೋ ಊರಿನ ಒಂದು ಸಂಸಾರವನ್ನು ಕಲ್ಪಿಸಿಕೊಂಡರೆ ಸಾಕು. ಒಬ್ಬ ತಾಯಿ, ಐದು ವರ್ಷದ ಮಗಳು. ತಂದೆ ಬೇರೆಯಾಗಿದ್ದಾನೆ. ಮಗಳಿಗೆಂದು ತಿಂಗಳಿಗೆ ೩೦೦ ಡಾಲರ್ ಕೊಡಬೇಕೆಂದು ಅವನಿಗೆ ಆಜ್ಞೆಯಾಗಿದೆ. ಅಷ್ಟರಲ್ಲಿ ಅವನ ಕೆಲಸ ಹೋಯಿತು, ಹಣವೂ ನಿಂತಿತು. ಬೇರೆ ದಾರಿ ಕಾಣದೆ ತಾಯಿ ಸರ್ಕಾರದ ನಗದು ನೆರವಿಗೆ ಅರ್ಜಿ ಹಾಕಿದಳು. ತಿಂಗಳಿಗೆ ೪೦೦ ಡಾಲರಿನಂತೆ ಮೂರು ವರ್ಷ ನೆರವು ದೊರೆಯಿತು. ಬಾಡಿಗೆಗೂ ಸಾಲದ ಮೊತ್ತವೇ ಸರಿ, ಆದರೂ ಆಗ ಅದೇ ಕೈಹಿಡಿಯಿತು.

ಆದರೆ ನೆರವು ಬರಿಯ ನೆರವಾಗಿರಲಿಲ್ಲ. ಅದನ್ನು ಪಡೆಯುವ ತಾಯಿ ಮಗುವಿನ ಜೀವನಾಂಶವನ್ನು ವಸೂಲು ಮಾಡಿಕೊಳ್ಳುವ ಹಕ್ಕನ್ನು ಸರ್ಕಾರಕ್ಕೆ ವಹಿಸಿಕೊಡಬೇಕು. ಇದು ಶಾಸನದ ಷರತ್ತು, ಒಲ್ಲೆನೆಂದರೆ ನೆರವಿಲ್ಲ. ತಂದೆ ಯಾರು, ಎಲ್ಲಿದ್ದಾನೆ, ಎಲ್ಲಿ ದುಡಿಯುತ್ತಾನೆ ಎಂಬುದನ್ನು ಹುಡುಕುವುದರಲ್ಲಿಯೂ ಆಕೆ ಸಹಕರಿಸಬೇಕು. ಸಹಕರಿಸದಿದ್ದರೆ ನೆರವಿನಲ್ಲಿ ಕನಿಷ್ಠ ನೂರಕ್ಕೆ ೨೫ರಷ್ಟು ಕಡಿತ. ಅವನಿಂದ ಹೊಡೆತ ಬಡಿತದ ಭಯವಿರುವವಳಿಗೆ ವಿನಾಯಿತಿಯುಂಟು. ಆದರೆ ಆ ಭಯವನ್ನು ಅಧಿಕಾರಿಯ ಮುಂದೆ ಹೇಳಿಕೊಂಡು ಮನಗಾಣಿಸುವ ಹೊರೆ ಅವಳದೇ.

ಮೂರು ವರ್ಷಗಳಲ್ಲಿ ಆ ತಾಯಿ ಪಡೆದ ನೆರವು ೧೪,೪೦೦ ಡಾಲರ್. ಅದೇ ಅವಧಿಯಲ್ಲಿ ತಂದೆ ಕೊಡದೆ ನಿಲ್ಲಿಸಿದ ಬಾಕಿ ೧೦,೮೦೦ ಡಾಲರ್. ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಸರ್ಕಾರ ಹಕ್ಕುದಾರ. ಆದುದರಿಂದ ೧೦,೮೦೦ ಡಾಲರೂ ಸರ್ಕಾರಕ್ಕೆ ಸೇರತಕ್ಕ ಬಾಕಿಯಾಯಿತು. ನಾಲ್ಕನೆಯ ವರ್ಷ ತಾಯಿಗೆ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು; ನೆರವನ್ನು ಬಿಟ್ಟಳು. ತಂದೆಗೂ ಕೆಲಸ ಸಿಕ್ಕಿತು. ಇನ್ನು ಎಲ್ಲವೂ ಸರಿಹೋಯಿತೆಂದು ಯಾರಾದರೂ ಭಾವಿಸಬಹುದು.

ಭಾಗಶಃ ಸರಿಹೋಯಿತು ಎನ್ನಬೇಕು. ನೆರವು ಬಿಟ್ಟ ಮೇಲೆ ಆಯಾ ತಿಂಗಳ ೩೦೦ ಡಾಲರ್ ತಾಯಿಗೇ ಬರುತ್ತದೆ. ಹಳೆಯ ಬಾಕಿಗೆಂದು ತಂದೆಯ ಸಂಬಳದಲ್ಲಿ ಮುರಿಯುವ ಇನ್ನೊಂದು ೫೦ ಡಾಲರ್ ಸರ್ಕಾರಕ್ಕೆ ಹೋಗುತ್ತದೆ. ನಡುವೆ ತಂದೆ ಕಾಯಿಲೆ ಬಿದ್ದು ನಾಲ್ಕು ತಿಂಗಳು ಕೊಡಲಿಲ್ಲವೆನ್ನೋಣ. ಆಗ ೧,೨೦೦ ಡಾಲರಿನ ಹೊಸ ಬಾಕಿ ಹುಟ್ಟಿತು. ಇದು ತಾಯಿ ನೆರವು ಪಡೆಯದಿದ್ದ ಕಾಲದ್ದಾದ್ದರಿಂದ ಅವಳಿಗೆ ಸೇರಿದ್ದು. ಹೀಗೆ ಒಬ್ಬನೇ ತಂದೆ, ಒಂದೇ ಮಗಳು, ಬಾಕಿ ಮಾತ್ರ ಎರಡು: ಒಂದು ಮನೆಯದು, ಒಂದು ಖಜಾನೆಯದು. ಸಂಬಳದಿಂದ ಮುರಿದ ಹಣ ಬಂದರೆ ಮೊದಲು ಆ ತಿಂಗಳಿನದು, ಅನಂತರ ಮನೆಯ ಬಾಕಿ, ಕೊನೆಗೆ ಖಜಾನೆಯ ಬಾಕಿ ಎಂಬ ಸರದಿ. ೧೯೯೬ರ ಶಾಸನ ತಂದ ಈ ಸರದಿ ನ್ಯಾಯವಾಗಿಯೇ ಇದೆ.

ಆದರೆ ಆದಾಯ ತೆರಿಗೆಯ ಬಾಬಿನಲ್ಲಿ ಈ ಸರದಿ ತಲೆಕೆಳಗಾಗುತ್ತದೆ. ಅಮೆರಿಕದ ಬಡ ಕೂಲಿಗಾರನಿಗೆ ವರ್ಷಕ್ಕೊಮ್ಮೆ ತೆರಿಗೆಯ ಇಲಾಖೆಯಿಂದ ಹಿಂದಿರುಗುವ ಹಣವೇ ಎಷ್ಟೋ ವೇಳೆ ಅವನು ವರ್ಷದಲ್ಲಿ ಕಾಣುವ ಒಂದೇ ದೊಡ್ಡ ಗಂಟು. ಬಾಕಿದಾರನಾದರೆ ಆ ಗಂಟನ್ನು ದಾರಿಯಲ್ಲಿಯೇ ತಡೆದು ಹಿಡಿಯುತ್ತಾರೆ. ಹಾಗೆ ಹಿಡಿದ ೨,೦೦೦ ಡಾಲರ್ ಮೊದಲು ಖಜಾನೆಯ ಹಳೆಯ ಬಾಕಿಗೆ ಹೋಗುತ್ತದೆ. ತಾಯಿಯ ೧,೨೦೦ ಹಾಗೆಯೇ ಕಾದಿರುತ್ತದೆ. ರಾಜ್ಯಗಳು ಇಷ್ಟಪಟ್ಟರೆ ಇದನ್ನೂ ಮನೆಗೇ ಮೊದಲು ಎಂದು ತಿದ್ದಿಕೊಳ್ಳಬಹುದೆಂದು ೨೦೦೬ರಲ್ಲಿ ಅಂಕಿತವಾದ ಶಾಸನ ಅವಕಾಶ ಕೊಟ್ಟಿತು. ಕೆಲವು ರಾಜ್ಯಗಳು ತಿದ್ದಿಕೊಂಡವು. ಉಳಿದವು ಹಳೆಯ ಹಾದಿಯನ್ನೇ ಹಿಡಿದಿವೆ.

ತಂದೆಯ ಕಡೆಯಿಂದಲೂ ಇದನ್ನು ನೋಡಬೇಕು. ಅವನ ತೆರಿಗೆಯ ಹಣ ಪೂರ್ತಿಯಾಗಿ ಹೋಯಿತು. ಅದೇ ವಾರ ಮಗಳು ಶಾಲೆಗೆ ಹೊಸ ಷೂ ಬೇಕೆಂದು ಕೇಳಿದಳು. ‘ನಿನ್ನಮ್ಮನಿಗೆ ಈಗ ತಾನೇ ಎರಡು ಸಾವಿರ ಹೋಗಿದೆ, ಅವಳನ್ನು ಕೇಳು’ ಎಂದು ಅವನು ಹೇಳಿದರೆ ತಪ್ಪೆನ್ನುವವರಾರು? ‘ನಿನ್ನಪ್ಪ ಮೂರು ಕಾಸೂ ಕಳಿಸಿಲ್ಲ’ ಎಂದು ತಾಯಿ ಉತ್ತರಿಸಿದರೆ ಅದೂ ತಪ್ಪಲ್ಲ. ಎಂಟು ವರ್ಷದ ಹುಡುಗಿ ಇಬ್ಬರಲ್ಲಿ ಯಾರು ಸುಳ್ಳುಗಾರರೆಂದು ತೀರ್ಮಾನಿಸಬೇಕಾಗುತ್ತದೆ.

ಈ ಏರ್ಪಾಡು ಹುಟ್ಟಿದ್ದು ದುಷ್ಟರ ಬುದ್ಧಿಯಿಂದಲ್ಲ. ಇದರ ಬೇರು ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, ೧೫೭೬ರಲ್ಲಿಯೇ, ವಿವಾಹಬಾಹಿರವಾಗಿ ಹುಟ್ಟಿದ ಮಗುವನ್ನು ಊರಿನ ಚರ್ಚಿನ ಮಂಡಲ ಸಾಕಬೇಕಾಗಿ ಬಂದರೆ ಅದರ ವೆಚ್ಚವನ್ನು ಹೆತ್ತವರಿಂದ ವಸೂಲು ಮಾಡಬಹುದೆಂದು ಕಾಯಿದೆಯಾಗಿತ್ತು. ಅಂದಿನಿಂದಲೂ ಆ ಜನರ ಕಣ್ಣು ಮಗುವಿನ ಹೊಟ್ಟೆಯ ಮೇಲೆ ಎಷ್ಟಿತ್ತೋ ಊರಿನ ಬೊಕ್ಕಸದ ಮೇಲೂ ಅಷ್ಟೇ ಇತ್ತು. ಆ ಕಾಯಿದೆಯ ಮನೋಭಾವ ಹಡಗು ಹತ್ತಿ ಅಟ್ಲಾಂಟಿಕ್ ದಾಟಿತು.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೆರವು ಆರಂಭವಾದದ್ದು ೧೯೩೫ರ ಸಾಮಾಜಿಕ ಭದ್ರತಾ ಶಾಸನದಿಂದ. ಆಗ ಕಣ್ಣ ಮುಂದಿದ್ದವಳು ವಿಧವೆ. ಗಂಡ ಸತ್ತವಳಿಗೆ ಸಹಾಯ ಮಾಡಲು ಯಾರ ಆಕ್ಷೇಪವೂ ಇರಲಿಲ್ಲ. ಸತ್ತವನಿಂದ ವಸೂಲು ಮಾಡುವ ಪ್ರಶ್ನೆಯೂ ಏಳುವುದಿಲ್ಲ. ಕಾಲ ಕಳೆದಂತೆ ನೆರವಿನ ಪಟ್ಟಿಯಲ್ಲಿ ವಿಧವೆಯರು ಕಡಿಮೆಯಾಗಿ, ಗಂಡ ಬಿಟ್ಟವರೂ ಮದುವೆಯಾಗದೆ ತಾಯಂದಿರಾದವರೂ ಹೆಚ್ಚಾದರು. ಗಂಡಸು ಎಲ್ಲೋ ಬದುಕಿದ್ದಾನೆ ಎಂದೊಡನೆ ಜನರ ಕನಿಕರ ಲೆಕ್ಕ ಕೇಳತೊಡಗಿತು.

ಆ ಗಂಡಸನ್ನು ಹುಡುಕುವ ಹುಮ್ಮಸ್ಸು ಕೆಲವೆಡೆ ನಾಚಿಕೆಗೇಡಿನ ಮಟ್ಟ ಮುಟ್ಟಿತು. ೧೯೬೩ರ ಜನವರಿಯ ಒಂದು ಭಾನುವಾರ, ಕ್ಯಾಲಿಫೋರ್ನಿಯದ ಅಲಮೀಡ ಕೌಂಟಿಯಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ ಅಧಿಕಾರಿಗಳು ನೆರವು ಪಡೆಯುವ ತಾಯಂದಿರ ಮನೆಗಳಿಗೆ ನುಗ್ಗಿ, ಯಾವನಾದರೂ ಗಂಡಸು ಇದ್ದಾನೆಯೇ ಎಂದು ಹುಡುಕಿದರು. ಬೆನ್ನಿ ಪ್ಯಾರಿಷ್ ಎಂಬ ನೌಕರ ಈ ಕೆಲಸಕ್ಕೆ ಹೋಗುವುದಿಲ್ಲವೆಂದ; ಅವನ ಕೆಲಸ ಹೋಯಿತು. ನಾಲ್ಕು ವರ್ಷಗಳ ಮೇಲೆ, ೧೯೬೭ರಲ್ಲಿ, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು.

ಮರುವರ್ಷ ಅಲಬಾಮ ರಾಜ್ಯದ ಮೊಕದ್ದಮೆಯೊಂದು ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ನಾಲ್ಕು ಮಕ್ಕಳ ತಾಯಿ ಶ್ರೀಮತಿ ಸ್ಮಿತ್. ಬೆಳಗಿನ ಜಾವ ಮೂರೂವರೆಯಿಂದ ಮಧ್ಯಾಹ್ನ ಹನ್ನೆರಡರ ವರೆಗೆ ಅಡಿಗೆ ಮಾಡಿ ಬಡಿಸುವ ಕೆಲಸ, ವಾರಕ್ಕೆ ೧೬ರಿಂದ ೨೦ ಡಾಲರ್ ಕೂಲಿ. ವಾರದ ಕೊನೆಯಲ್ಲಿ ಒಬ್ಬ ಗಂಡಸು ಅವಳ ಮನೆಗೆ ಬಂದುಹೋಗುತ್ತಾನೆಂಬ ಕಾರಣದಿಂದ ರಾಜ್ಯ ಮಕ್ಕಳ ನೆರವನ್ನೇ ನಿಲ್ಲಿಸಿತ್ತು. ಅವನಿಗೆ ತನ್ನದೇ ಹೆಂಡತಿ, ಒಂಬತ್ತು ಮಕ್ಕಳು. ಇವಳ ಮಕ್ಕಳನ್ನು ಸಾಕುವ ಕಾನೂನಿನ ಹೊಣೆ ಅವನಿಗಿರಲಿಲ್ಲ. ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ನರು ಬರೆದ ೧೯೬೮ರ ತೀರ್ಪು ಅಲಬಾಮದ ಆ ನಿಯಮವನ್ನು ತಳ್ಳಿಹಾಕಿತು. ಕಾನೂನಿನ ಪ್ರಕಾರ ಸಾಕುವ ಹೊಣೆಯುಳ್ಳವನೇ ತಂದೆ, ಬಂದುಹೋಗುವವನಲ್ಲ.

ಬಂದುಹೋಗುವವನನ್ನು ಹಿಡಿಯುವಂತಿಲ್ಲವೆಂದ ಮೇಲೆ ಉಳಿದದ್ದು ಹೆತ್ತ ತಂದೆಯನ್ನು ಹಿಡಿಯುವ ದಾರಿ. ಲೂಯಿಸಿಯಾನದ ಸೆನೆಟರ್ ರಸೆಲ್ ಲಾಂಗರು ಹಣಕಾಸಿನ ಸಮಿತಿಯ ಅಧ್ಯಕ್ಷರಾಗಿ ಈ ವಿಚಾರವನ್ನು ಬಿಡದೆ ಹಿಡಿದರು. ಅವರ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ದುಡಿಯಬಲ್ಲ ತಂದೆಯೊಬ್ಬ ಮಗುವನ್ನು ಕೈಬಿಟ್ಟು ಹೋದರೆ, ಪಕ್ಕದ ಮನೆಯಲ್ಲಿ ತನ್ನ ಮಕ್ಕಳನ್ನು ತಾನೇ ಕಷ್ಟಪಟ್ಟು ಸಾಕುತ್ತಿರುವ ಇನ್ನೊಬ್ಬ ತಂದೆ ತೆರಿಗೆ ಕೊಟ್ಟು ಆ ಮಗುವನ್ನೂ ಏಕೆ ಸಾಕಬೇಕು? ಬೆಂಗಳೂರಿನ ಯಾವ ಬಡಾವಣೆಯ ಜಗಲಿಯ ಮೇಲೆ ಈ ಪ್ರಶ್ನೆ ಹಾಕಿದರೂ ಹೌದೆಂದು ತಲೆದೂಗುವವರೇ ಹೆಚ್ಚು. ೧೯೭೫ರ ಜನವರಿ ೪ರಂದು ಅಧ್ಯಕ್ಷ ಫೋರ್ಡರು ಶಾಸನಕ್ಕೆ ಅಂಕಿತ ಹಾಕಿದರು. ಸಂಸಾರಗಳ ಒಳಗಿನ ವ್ಯವಹಾರಕ್ಕೆ ಕೇಂದ್ರ ಸರ್ಕಾರ ಇಷ್ಟರ ಮಟ್ಟಿಗೆ ಕೈಹಾಕುವುದು ಹೆಚ್ಚಾಯಿತೆಂದು ಅಂಕಿತ ಹಾಕುವಾಗಲೇ ಅವರು ಅಸಮಾಧಾನ ತೋರಿದರು. ಅಂತೂ ಅಂಕಿತವಾಯಿತು.

ಶಾಸನದಿಂದ ಉಪಕಾರವಾಗಲಿಲ್ಲವೆಂದಲ್ಲ. ಆ ದೇಶದ ಐದು ಮಕ್ಕಳಲ್ಲಿ ಸುಮಾರು ಒಂದು ಮಗು ಈ ವ್ಯವಸ್ಥೆಯ ಆಸರೆಯಲ್ಲಿದೆ. ವರ್ಷಕ್ಕೆ ೨,೫೦೦ ಕೋಟಿ ಡಾಲರಿಗೂ ಮಿಗಿಲಾದ ಹಣ ವಸೂಲಾಗಿ, ನೂರಕ್ಕೆ ೯೫ಕ್ಕೂ ಹೆಚ್ಚು ಪಾಲು ಸಂಸಾರಗಳಿಗೇ ಮುಟ್ಟುತ್ತದೆ. ಸರ್ಕಾರ ಇಟ್ಟುಕೊಳ್ಳುವುದು ಉಳಿದ ಚೂರು. ಇಷ್ಟಕ್ಕೆ ಇಷ್ಟೊಂದು ಮಾತೇಕೆಂದು ಕೇಳಬಹುದು. ಆ ಚೂರು ಬೀಳುವುದು ಎಲ್ಲರ ಮೇಲೂ ಸಮನಾಗಿ ಅಲ್ಲ ಎಂಬುದೇ ಉತ್ತರ. ಎಂದೂ ನೆರವು ಕೇಳದ ಡಾಕ್ಟರನ ಮಗುವಿಗೆ ತಂದೆ ಕೊಟ್ಟದ್ದೆಲ್ಲವೂ ಮುಟ್ಟುತ್ತದೆ. ನೆರವು ಕೇಳುವಷ್ಟು ಬಡವಾಗಿದ್ದ ಮಗುವಿನ ಪಾಲಿನಿಂದಲೇ ಆ ಚೂರು ಹೋಗುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಅದೇ ತಾಯಿ ಸರ್ಕಾರದಿಂದ ಆಹಾರದ ನೆರವು ಪಡೆದಿದ್ದರೆ ಅದನ್ನು ತಂದೆಯ ಜೀವನಾಂಶದಿಂದ ವಸೂಲು ಮಾಡುವುದಿಲ್ಲ. ಶಾಲೆಯಲ್ಲಿ ಮಗು ಉಂಡ ಉಚಿತ ಊಟಕ್ಕೆ ಬಿಲ್ಲು ಬರುವುದಿಲ್ಲ. ನಗದು ನೆರವು ಮಾತ್ರ ಸಾಲವೆಂಬ ಹೆಸರಿಲ್ಲದ ಸಾಲ. ಅದನ್ನು ಪಡೆದವಳು ತಾಯಿ, ತೀರಿಸುವವನು ತಂದೆ, ತೀರುವುದು ಮಗುವಿನ ಹಣದಿಂದ. ಇಷ್ಟು ಜಾಣತನದ ಸಾಲಪತ್ರವನ್ನು ಯಾವ ಸಾಹುಕಾರನೂ ಬರೆಸಿಕೊಂಡಿರಲಾರ.

ಇದರ ಮೊನಚನ್ನು ಕಡಿಮೆ ಮಾಡಲು ೧೯೮೪ರಲ್ಲಿ ಒಂದು ಪ್ರಯತ್ನ ನಡೆಯಿತು. ನೆರವು ಪಡೆಯುತ್ತಿರುವಾಗಲೂ ತಂದೆ ಕೊಟ್ಟ ತಿಂಗಳ ಹಣದಲ್ಲಿ ಮೊದಲ ೫೦ ಡಾಲರನ್ನು ತಾಯಿಗೇ ಕೊಡಬೇಕು, ಅದಕ್ಕಾಗಿ ನೆರವನ್ನು ಕತ್ತರಿಸಕೂಡದು ಎಂದು ನಿಯಮವಾಯಿತು. ಅದೇ ವರ್ಷದ ಶಾಸನ ಒಂದು ಕೈಯಲ್ಲಿ ಇದನ್ನು ಕೊಟ್ಟು ಇನ್ನೊಂದು ಕೈಯಲ್ಲಿ ಬೇರೊಂದನ್ನು ಕಿತ್ತುಕೊಂಡಿತು: ಮನೆಯಲ್ಲಿರುವ ಅಣ್ಣತಮ್ಮ ಅಕ್ಕತಂಗಿಯರಿಗೆ ನೆರವು ಬೇಕಾದರೆ, ತನ್ನ ತಂದೆಯಿಂದ ಸರಿಯಾಗಿ ಜೀವನಾಂಶ ಪಡೆಯುತ್ತಿರುವ ಮಗುವನ್ನೂ ಅದೇ ಲೆಕ್ಕಕ್ಕೆ ಸೇರಿಸಿ, ಅದರ ಹಣವನ್ನೂ ಸರ್ಕಾರಕ್ಕೆ ವಹಿಸಿಕೊಡಬೇಕು. ಉತ್ತರ ಕ್ಯಾರೊಲಿನದ ತಾಯಂದಿರು ನ್ಯಾಯಾಲಯಕ್ಕೆ ಹೋದರು. ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯ, ಆರು ಜನ ಒಂದು ಕಡೆ ಮೂವರು ಒಂದು ಕಡೆಯಾಗಿ, ಸರ್ಕಾರ ಮಾಡಿದ್ದು ಸರಿಯೆಂದಿತು. ಮೂವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬ್ರೆನನ್ನರು, ತಂದೆಗೂ ಮಗುವಿಗೂ ನಡುವಿನ ಬಾಂಧವ್ಯಕ್ಕೇ ಇದರಿಂದ ಪೆಟ್ಟು ಬೀಳುವುದೆಂದು ಉದ್ದವಾದ ಭಿನ್ನಮತವನ್ನು ಬರೆದರು.

೧೯೯೬ರ ಆಗಸ್ಟ್ ೨೨ರಂದು ಅಧ್ಯಕ್ಷ ಕ್ಲಿಂಟನ್ನರು ಅಂಕಿತ ಹಾಕಿದ ಶಾಸನದಿಂದ ಹಳೆಯ ನೆರವಿನ ಪದ್ಧತಿಯೇ ಅಳಿದು, ಐದು ವರ್ಷಗಳ ಮಿತಿಯುಳ್ಳ ಹೊಸದು ಬಂದಿತು. ಐವತ್ತು ಡಾಲರಿನ ಕಡ್ಡಾಯವೂ ಅದರೊಂದಿಗೆ ಹೋಯಿತು. ಕೊಡುವುದು ಬಿಡುವುದು ರಾಜ್ಯಗಳ ಇಷ್ಟವಾಯಿತು. ಹೆಚ್ಚಿನ ರಾಜ್ಯಗಳು ಬಿಟ್ಟವು. ಒಂದು ರಾಜ್ಯ ಮಾತ್ರ ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿಯಿತು.

ಅದು ವಿಸ್ಕಾನ್ಸಿನ್. ನೆರವಿನ ವಿಷಯದಲ್ಲಿ ಬಹು ಕಟ್ಟುನಿಟ್ಟೆಂದು ಹೆಸರಾದ ರಾಜ್ಯ. ದುಡಿಯದವರಿಗೆ ಕಾಸಿಲ್ಲವೆಂಬುದು ಅಲ್ಲಿಯ ಹೊಸ ಯೋಜನೆಯ ಮಂತ್ರ. ಆದರೂ ೧೯೯೭ರಲ್ಲಿ ಆ ಯೋಜನೆ ಆರಂಭವಾದಾಗ, ತಂದೆ ಕೊಟ್ಟ ಹಣ ಪೂರ್ತಿಯಾಗಿ ತಾಯಿಗೇ ಹೋಗಲಿ ಎಂದು ಅಲ್ಲಿಯವರು ತೀರ್ಮಾನಿಸಿದರು. ತಂದೆಯ ಹಣವನ್ನು ನಂಬಿ ಬದುಕುವ ಅಭ್ಯಾಸವಾದರೆ ನೆರವು ಬೇಗ ಬಿಟ್ಟಾಳೆಂಬುದು ಅವರ ಎಣಿಕೆ. ಅನುಮತಿಯ ಷರತ್ತಾಗಿ ಕೇಂದ್ರ ಸರ್ಕಾರ ಒಂದು ಪರೀಕ್ಷೆಯನ್ನು ಒಡ್ಡಿತು. ಸಂಸಾರಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಬೇಕು. ಒಂದಕ್ಕೆ ಪೂರ್ತಿ ಹಣ, ಇನ್ನೊಂದಕ್ಕೆ ೫೦ ಡಾಲರ್ ಅಥವಾ ನೂರಕ್ಕೆ ೪೧ರ ಪಾಲು, ಯಾವುದು ಹೆಚ್ಚೋ ಅದು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮರಿಯ ಕ್ಯಾನ್ಷಿಯನ್, ಡೇನಿಯಲ್ ಮೇಯರ್ ಮುಂತಾದವರು ಎರಡೂ ಗುಂಪುಗಳ ಲೆಕ್ಕವನ್ನು ವರ್ಷಗಟ್ಟಲೆ ಹಿಂಬಾಲಿಸಿದರು.

ಕಂಡುಬಂದದ್ದು ಸರಳವಾಗಿತ್ತು. ಪೂರ್ತಿ ಹಣ ಮಗುವಿಗೇ ಹೋಗುವ ಗುಂಪಿನಲ್ಲಿ ಹಣ ಕೊಡುವ ತಂದೆಯರು ಹೆಚ್ಚಾದರು. ಮಗು ತನ್ನದೆಂದು ಕಾನೂನಿನ ಮುಂದೆ ಒಪ್ಪಿಕೊಳ್ಳುವುದೂ ಬೇಗ ಬೇಗ ಆಯಿತು. ಇಷ್ಟಾಗಿ ಸರ್ಕಾರಕ್ಕೆ ತಗುಲಿದ ನಷ್ಟ ಅತ್ಯಲ್ಪ. ತನ್ನ ಬೆವರಿನ ಹಣ ಮಗಳ ತಟ್ಟೆಗೆ ಬೀಳುತ್ತದೆಂದು ಗೊತ್ತಾದರೆ ಮನುಷ್ಯ ಕೊಡುತ್ತಾನೆ; ಕಛೇರಿಯ ಕಡತಕ್ಕೆ ಬೀಳುತ್ತದೆಂದು ಗೊತ್ತಾದರೆ ತಪ್ಪಿಸಿಕೊಳ್ಳುತ್ತಾನೆ. ವಿಶ್ವವಿದ್ಯಾನಿಲಯ ವರ್ಷಗಟ್ಟಲೆ ಲೆಕ್ಕ ಹಾಕಿ ಕಂಡುಕೊಂಡದ್ದನ್ನು ಊರಿನ ಯಾವ ಅಜ್ಜಿಯಾದರೂ ಹೇಳಬಹುದಾಗಿತ್ತು. ಆದರೆ ಅಜ್ಜಿಯ ಮಾತನ್ನು ಖಜಾನೆಯವರು ಒಪ್ಪುವುದಿಲ್ಲ. ಅವರಿಗೆ ಕೋಷ್ಟಕ ಬೇಕು.

ಕೊಡದೆ ತಪ್ಪಿಸಿಕೊಂಡವನ ಪಾಡೂ ಸುಖವಲ್ಲ. ೧೯೮೬ರಲ್ಲಿ ಆದ ತಿದ್ದುಪಡಿಯೊಂದಕ್ಕೆ ಸೆನೆಟರ್ ಬಿಲ್ ಬ್ರಾಡ್ಲಿಯವರ ಹೆಸರು ಅಂಟಿಕೊಂಡಿದೆ. ಅದರ ಪ್ರಕಾರ ಒಮ್ಮೆ ಹುಟ್ಟಿದ ಬಾಕಿಯನ್ನು ಯಾವ ನ್ಯಾಯಾಧೀಶನೂ ಹಿಂದಿನಿಂದ ಕಡಿಮೆ ಮಾಡುವಂತಿಲ್ಲ. ಅವನು ಆಗ ಆಸ್ಪತ್ರೆಯಲ್ಲಿದ್ದನೇ, ಸೆರೆಮನೆಯಲ್ಲಿದ್ದನೇ, ಕೆಲಸವಿಲ್ಲದಿದ್ದನೇ ಎಂಬುದನ್ನು ಮೊದಲೇ ಅರ್ಜಿ ಹಾಕಿ ತಿಳಿಸಿರಬೇಕು. ಕೆಲವು ರಾಜ್ಯಗಳಲ್ಲಿ ಬಾಕಿಗೆ ಬಡ್ಡಿಯೂ ಬೆಳೆಯುತ್ತದೆ. ಬಾಕಿ ೨,೫೦೦ ಡಾಲರ್ ದಾಟಿದರೆ ಪಾಸ್‌ಪೋರ್ಟು ಸಿಕ್ಕುವುದಿಲ್ಲ. ವಾಹನ ನಡೆಸುವ ಪರವಾನೆಯನ್ನೂ ಕಿತ್ತುಕೊಳ್ಳಬಹುದು. ಪರವಾನೆ ಕಿತ್ತುಕೊಂಡ ಲಾರಿ ಚಾಲಕ ಯಾವ ಸಂಪಾದನೆಯಿಂದ ಬಾಕಿ ತೀರಿಸಬೇಕೋ ತಿಳಿಯದು. ಸೆರೆವಾಸವನ್ನು ‘ಬೇಕೆಂದೇ ಕೆಲಸ ಬಿಟ್ಟದ್ದು’ ಎಂದು ಎಣಿಸಕೂಡದೆಂಬ ನಿಯಮ ಬಂದದ್ದು ೨೦೧೬ರಲ್ಲಿ.

ಬಾಕಿದಾರರು ಯಾರು? ದೇಶದಾದ್ಯಂತ ಒಟ್ಟು ಬಾಕಿ ೧೦,೦೦೦ ಕೋಟಿ ಡಾಲರಿಗೂ ಮೇಲೆ. ಮೋಜಿನ ಕಾರುಗಳಲ್ಲಿ ತಿರುಗುವ ಕಳ್ಳ ತಂದೆಯರ ಚಿತ್ರ ಒಡನೆಯೇ ಕಣ್ಣಿಗೆ ಕಟ್ಟುತ್ತದೆ. ಅಂಥವರೂ ಇಲ್ಲದಿಲ್ಲ. ಆದರೆ ಅರ್ಬನ್ ಇನ್‌ಸ್ಟಿಟ್ಯೂಟಿನವರು ಒಂಬತ್ತು ದೊಡ್ಡ ರಾಜ್ಯಗಳ ಕಡತಗಳನ್ನು ಶೋಧಿಸಿ ೨೦೦೭ರಲ್ಲಿ ಪ್ರಕಟಿಸಿದ ವರದಿಯಂತೆ, ನೂರರಲ್ಲಿ ೭೦ ಪಾಲು ಬಾಕಿ ಇದ್ದದ್ದು ವರ್ಷಕ್ಕೆ ೧೦,೦೦೦ ಡಾಲರಿಗಿಂತ ಹೆಚ್ಚಿನ ಆದಾಯ ಕಾಣಿಸದವರ ತಲೆಯ ಮೇಲೆ. ಅದರಲ್ಲಿ ಬಹುಪಾಲು ಗೋಡೆಗೆ ಬಳಿದ ಸುಣ್ಣ, ಹಿಂದಕ್ಕೆ ಬರುವಂಥದಲ್ಲ.

ದಕ್ಷಿಣ ಕ್ಯಾರೊಲಿನದ ಮೈಕೆಲ್ ಟರ್ನರ್ ಎಂಬವನ ಮೊಕದ್ದಮೆ ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ವಾರಕ್ಕೆ ೫೧ ಡಾಲರ್ ೭೩ ಸೆಂಟ್ ಕೊಡಲಾರದೆ ಅವನು ಹನ್ನೆರಡು ತಿಂಗಳ ಸೆರೆಗೆ ಗುರಿಯಾಗಿದ್ದ. ಅವನ ಪರವಾಗಿ ವಾದಿಸಲು ವಕೀಲನೂ ಇರಲಿಲ್ಲ. ಕೊಡುವ ಶಕ್ತಿ ಅವನಿಗಿತ್ತೇ ಎಂಬುದನ್ನು ಸರಿಯಾಗಿ ವಿಚಾರಿಸದೆ ಸೆರೆಗೆ ಹಾಕಿದ್ದು ತಪ್ಪೆಂದು ನ್ಯಾಯಾಲಯ ಹೇಳಿತು. ವಕೀಲನನ್ನು ಒದಗಿಸಲೇಬೇಕೆಂದು ಹೇಳಲಿಲ್ಲ. ತೀರ್ಪಿನಲ್ಲಿ ಒಂದು ಮಾತು ಮಾತ್ರ ಈ ಪ್ರಸಂಗಕ್ಕೆ ಸಂಬಂಧಪಟ್ಟದ್ದು: ಹಣ ಸಲ್ಲಬೇಕಾದದ್ದು ತಾಯಿಗಲ್ಲ, ಹಿಂದೆ ಕೊಟ್ಟ ನೆರವಿನ ಬಾಬ್ತು ಸರ್ಕಾರಕ್ಕೆ ಎನ್ನುವಾಗ ಏನು ಮಾಡಬೇಕೆಂಬುದನ್ನು ತಾವು ತೀರ್ಮಾನಿಸಿಲ್ಲವೆಂದೂ, ಅಂಥ ವ್ಯವಹಾರ ಸಾಲ ವಸೂಲಿಯನ್ನು ಹೆಚ್ಚು ಹೋಲುವುದೆಂದೂ ನ್ಯಾಯಾಧೀಶರು ಬರೆದರು. ಸಾಲವೆಂಬ ಶಬ್ದ 'ಹೆಸರಿಲ್ಲದ' ಸಾಲಕ್ಕೆ ಅಲ್ಲಿ ದೊರೆಯಿತು.

ರಾಜ್ಯಗಳಿಗೇ ಬಿಟ್ಟುಬಿಡುವ ಮನಸ್ಸಾದರೂ ಬಹುಕಾಲ ಕೈ ಕಟ್ಟಿತ್ತು. ವಸೂಲಾದ ಹಣವನ್ನು ರಾಜ್ಯವೂ ಕೇಂದ್ರವೂ ಹಂಚಿಕೊಳ್ಳುತ್ತವೆ; ಕೇಂದ್ರದ ಪಾಲು ಎಲ್ಲಿಯೂ ಅರ್ಧಕ್ಕೆ ಕಡಿಮೆಯಿಲ್ಲ, ಬಡ ರಾಜ್ಯದಲ್ಲಿ ಇನ್ನೂ ಹೆಚ್ಚು. ರಾಜ್ಯವೊಂದು ಹಣವನ್ನೆಲ್ಲ ತಾಯಿಗೆ ಕೊಟ್ಟರೂ ಕೇಂದ್ರದ ಪಾಲನ್ನು ಕೈಯಿಂದ ತೆರಬೇಕಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಕನ್ನಡ ನಾಡಿನ ಅನುಭವ. ಅಲ್ಲಿ ಪೂಜಾರಿ ಕೊಡುವೆನೆಂದರೂ ದೇವರು ತನ್ನ ಪಾಲು ಬಿಡಲೊಲ್ಲ. ೨೦೦೬ರ ಶಾಸನ ಈ ಗಂಟನ್ನು ಅಷ್ಟಿಷ್ಟು ಸಡಿಲಿಸಿತು. ನೆರವು ಪಡೆಯುತ್ತಿರುವ ಸಂಸಾರಕ್ಕೆ ಒಂದು ಮಗುವಿದ್ದರೆ ತಿಂಗಳಿಗೆ ೧೦೦ ಡಾಲರ್, ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ ೨೦೦ ಡಾಲರ್ ವರೆಗೆ ರಾಜ್ಯ ಬಿಟ್ಟುಕೊಟ್ಟರೆ ಕೇಂದ್ರ ತನ್ನ ಪಾಲು ಕೇಳುವುದಿಲ್ಲ. ನೆರವನ್ನು ಬಿಟ್ಟು ಹೋದ ಸಂಸಾರಕ್ಕಾದರೆ ಮಿತಿಯೇ ಇಲ್ಲ. ರಾಜ್ಯ ಎಷ್ಟು ಕೊಟ್ಟರೂ ಕೇಂದ್ರ ಸುಮ್ಮನಿರುತ್ತದೆ. ನೆರವು ಪಡೆಯುವುದಕ್ಕೆ ಮುಂಚಿನ ಬಾಕಿಯನ್ನೂ ವಹಿಸಿಕೊಡಬೇಕೆಂಬ ಹಳೆಯ ನಿಯಮ ಕೂಡ ಅದೇ ಶಾಸನದಿಂದ ಹೋಯಿತು.

ಬೇರೆ ದೇಶಗಳು ಇಷ್ಟು ತಡಮಾಡಲಿಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ೧೯೯೩ರಿಂದ ಕೆಲಸ ಆರಂಭಿಸಿದ ಮಕ್ಕಳ ಜೀವನಾಂಶದ ಇಲಾಖೆಗೂ ನೆರವಿನ ಹಣ ಉಳಿಸುವುದೇ ಮುಖ್ಯವಾಗಿತ್ತು. ತಂದೆ ಒಂದು ಪೌಂಡು ಕೊಟ್ಟರೆ ನೆರವಿನಲ್ಲಿ ಒಂದು ಪೌಂಡು ಕಡಿತ. ಕ್ರಮವಾಗಿ ಅದನ್ನು ಸಡಿಲಿಸಿ ೨೦೧೦ರ ಏಪ್ರಿಲಿನಿಂದ ಪೂರ್ತಿಯಾಗಿ ಕೈಬಿಟ್ಟರು. ನ್ಯೂಜಿಲೆಂಡಿನಲ್ಲಿ ೨೦೨೩ರ ಜುಲೈ ೧ರಿಂದ ನೆರವು ಪಡೆಯುವ ಒಂಟಿ ತಾಯಿತಂದೆಯರಿಗೆ ಜೀವನಾಂಶ ನೇರವಾಗಿ ಮುಟ್ಟುತ್ತಿದೆ. ಅದನ್ನು ಆದಾಯವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ ಅಷ್ಟೆ.

ಅಮೆರಿಕದಲ್ಲಿ ಕೊಲರಾಡೊ ರಾಜ್ಯ ೨೦೧೭ರಿಂದ, ತಾಯಿ ನೆರವು ಪಡೆಯುತ್ತಿರುವಾಗಲೂ, ಆ ತಿಂಗಳಿನ ಜೀವನಾಂಶವನ್ನು ಪೂರ್ತಿಯಾಗಿ ಅವಳಿಗೇ ಕೊಡತೊಡಗಿತು. ನೆರವಿನಲ್ಲಿ ಕಾಸೂ ಕತ್ತರಿಸಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆಯಿತು. ಕೆಲವು ತಂದೆಯರು ಸರ್ಕಾರಕ್ಕೆ ಸಲ್ಲಿಸಬೇಕಾಗಿದ್ದ ಹಳೆಯ ಬಾಕಿಯನ್ನು ದಾನದ ಹಣದಿಂದ ತೀರಿಸಿಬಿಟ್ಟರು. ಹೊರೆ ಇಳಿದ ಮೇಲೆ ಅವರು ಆಯಾ ತಿಂಗಳ ಹಣವನ್ನು ಹೆಚ್ಚು ಸರಿಯಾಗಿ ಕೊಡತೊಡಗಿದರೆಂದೂ, ಮಕ್ಕಳೊಂದಿಗೂ ಮಕ್ಕಳ ತಾಯಂದಿರೊಂದಿಗೂ ಅವರ ಸಂಬಂಧ ಸುಧಾರಿಸಿತೆಂದೂ ೨೦೧೯ರಲ್ಲಿ ಹೊರಬಿದ್ದ ಪರಿಶೀಲನೆ ತಿಳಿಸಿತು. ಬಾಕಿ ಮನ್ನಾ ಮಾಡಿದರೆ ಸೋಮಾರಿಗಳಾದಾರೆಂದು ಹೆದರಿದ್ದವರಿಗೆ ಇದು ಅನಿರೀಕ್ಷಿತ.

ಕ್ಯಾಲಿಫೋರ್ನಿಯ ರಾಜ್ಯ ೨೦೨೪ರ ಮೇ ೧ರಿಂದ ಇನ್ನೊಂದು ಹೆಜ್ಜೆ ಇಟ್ಟಿದೆ. ಹಿಂದೆ ಎಂದೋ ನೆರವು ಪಡೆದು ಈಗ ಬಿಟ್ಟಿರುವ ಸಂಸಾರಗಳ ಲೆಕ್ಕದಲ್ಲಿ, ಸರ್ಕಾರಕ್ಕೆ ಸಲ್ಲಬೇಕಾದ ಹಳೆಯ ಬಾಕಿಗೆಂದು ತಂದೆ ಕೊಟ್ಟ ಹಣವನ್ನೂ ಸಂಸಾರಕ್ಕೇ ಕಳುಹಿಸಲಾಗುತ್ತಿದೆ. ಬಾಕಿಗೆ ಕಾಲಮಿತಿಯಿಲ್ಲ, ಮಗುವಿಗೆ ಹದಿನೆಂಟು ತುಂಬಿದರೂ ಅದು ಅಳಿಯುವುದಿಲ್ಲ. ಆದುದರಿಂದ ನರೆತ ಕೂದಲಿನ ತಾಯಿಯೊಬ್ಬಳ ಮನೆಗೆ ಈಗ ಇದ್ದಕ್ಕಿದ್ದಂತೆ ಎಂದಿನದೋ ಜೀವನಾಂಶದ ಚೆಕ್ಕು ಬಂದರೆ, ಅದನ್ನು ಬಾಗಿಲಲ್ಲಿ ತೆಗೆದುಕೊಳ್ಳುವವಳು ಆ ಬಾಕಿಗೆ ಕಾರಣಳಾದ ಮಗಳೇ, ಕಂಕುಳಲ್ಲಿ ತನ್ನ ಕೂಸನ್ನು ಎತ್ತಿಕೊಂಡು, ಆಗಿರುವುದೂ ಸಾಧ್ಯ.